ಶರಣರ ಗುಣ, ತೋಡಿನ ಕಟ್ಟ

ಶರಣರ ಗುಣವನ್ನು ಮರಣದಲ್ಲಿ ನೋಡು.

ಈ ಗಾದೆ ನಮ್ಮ ಕಡೆ ಹೆಚ್ಚಾಗಿ ಕೇಳಿಬರುವುದು ಸಾವಿನ ಮನೆಯ ಅಂಗಳದಲ್ಲಿ, ಬಾಡಿಗೆ ಕುರ್ಚಿಯ ಮೇಲೆ ಕೂತವರ ಬಾಯಲ್ಲಿ. ರಾತ್ರಿ ಗಂಜಿ ಉಂಡು ಮಲಗಿದವರು ಬೆಳಗ್ಗೆ ಏಳಲಿಲ್ಲ. ಯಾರ ಕೈಯಿಂದಲೂ ಒಂದು ಲೋಟ ನೀರು ಕೇಳಿ ಕುಡಿಯಲಿಲ್ಲ, ಆಸ್ಪತ್ರೆಗೆ ಒಂದು ರೂಪಾಯಿ ಸುರಿಯಲಿಲ್ಲ. "ಪುಣ್ಯವಂತರ ಸಾವು" ಎಂದು ಒಬ್ಬರು ಹೇಳುತ್ತಾರೆ, ಇನ್ನೊಬ್ಬರು ಕೂಡಲೇ ಈ ಗಾದೆ ತೆಗೆಯುತ್ತಾರೆ. ಉಳ್ಳಾಲದಲ್ಲಿ ಇದನ್ನು ಹೇಳಲು ಇಂಥ ಜಾತಿಯವರೇ ಆಗಬೇಕೆಂದಿಲ್ಲ. ಪೆರ್ಮನ್ನೂರಿನ ಕಡೆಯ ಒಬ್ಬ ಹಿರಿಯ ಕ್ರೈಸ್ತ ಕೃಷಿಕರು ತೀರಿಕೊಂಡ ದಿನ ಅವರ ಅಂಗಳದಲ್ಲಿ ಈ ಮಾತು ಆಡಿದ್ದು ನೆರೆಮನೆಯ ಬ್ಯಾರಿಗಳು. ಹೌದೆಂದು ತಲೆಯಾಡಿಸಿದ್ದು ತೋಡಿನಾಚೆಯ ಪೂಜಾರಿಗಳು.

ಗಾದೆಯ ಮೇಲೆ ನನಗೆ ತಕರಾರಿಲ್ಲ, ಅದನ್ನು ಬಳಸುವ ಬಗೆಯ ಮೇಲೆ ಇದೆ. ಸುಖವಾಗಿ ಸತ್ತವರೇ ಗುಣವಂತರು ಎಂದಾದರೆ, ಎರಡು ವರ್ಷ ಹಾಸಿಗೆ ಹಿಡಿದು ಬೆನ್ನೆಲ್ಲ ಹುಣ್ಣಾಗಿ ಹೋದ ತಾಯಿಯ ಮಕ್ಕಳ ಮುಂದೆ ಈ ಗಾದೆ ಹೇಳಲು ಯಾರಿಗೆ ಬಾಯಿ ಬರುತ್ತದೆ? ಅಷ್ಟೇಕೆ, ಗಾದೆ ಯಾರ ಹೆಸರು ಎತ್ತುತ್ತದೋ ಆ ಶರಣರೇ ಈ ಪರೀಕ್ಷೆಯಲ್ಲಿ ಉಳಿಯುವುದಿಲ್ಲ. ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆಯಾಯಿತೆಂಬ ಕಾರಣಕ್ಕೆ ಬೀಗರಿಬ್ಬರಿಗೂ ಸಿಕ್ಕಿದ್ದು ಎಳೆಹೂಟೆಯ ಶಿಕ್ಷೆ. ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸಿದರೆಂದು ಪರಂಪರೆ ಹೇಳುತ್ತದೆ. ಆ ಸಾವನ್ನು ನೋಡಿ 'ಆಹಾ, ಎಂಥ ಶಾಂತ ಮರಣ' ಎನ್ನಲು ಆಗುತ್ತದೆಯೇ? ನಮ್ಮ ಪೆರ್ಮನ್ನೂರಿನ ಚರ್ಚ್ ಯಾರ ಹೆಸರಿನಲ್ಲಿದೆಯೋ ಆ ಸಂತ ಸೆಬಾಸ್ಟಿಯನ್ನರದೂ ಅದೇ ಕಥೆ. ಮರಕ್ಕೆ ಕಟ್ಟಿ, ಮೈತುಂಬ ಬಾಣ ನೆಟ್ಟ ರೂಪದಲ್ಲೇ ಅವರನ್ನು ಜನ ಗುರುತಿಸುವುದು. ಬಾಣದಿಂದ ಸಾಯಲಿಲ್ಲವೆಂದು ಮತ್ತೆ ದೊಣ್ಣೆಯಿಂದ ಹೊಡೆದು ಕೊಂದರಂತೆ.

ಹಾಗಾದರೆ ಮರಣದಲ್ಲಿ ನೋಡಬೇಕಾದದ್ದು ಏನನ್ನು?

ಇದಕ್ಕೆ ಉತ್ತರ ಹುಡುಕುವಾಗ ನನಗೆ ಮೆನ್ನೊನೈಟರೆಂಬ ದೂರದ ಒಂದು ಕ್ರೈಸ್ತ ಒಕ್ಕಲು ಪಂಥದ ನೆನಪಾಗುತ್ತದೆ. ಅವರು ಉಳ್ಳಾಲದಲ್ಲಿಲ್ಲ. ನಮಗೆ ಹತ್ತಿರದವರು ಬೇಕೆಂದರೆ ರಾಯಚೂರಿನ ಗಡಿಯಾಚೆ, ತೆಲಂಗಾಣದ ಗದ್ವಾಲ, ಮೆಹಬೂಬ್‌ನಗರದ ಕಡೆ ಹೋಗಬೇಕು. ಮೂಲದಲ್ಲಿ ಈ ಪಂಥ ಹಾಲೆಂಡ್, ಸ್ವಿಟ್ಜರ್ಲೆಂಡ್ ಕಡೆಯದು. ಮೆನ್ನೊ ಸೈಮನ್ಸ್ ಎಂಬ ಪಾದ್ರಿ 1536ರಲ್ಲಿ ತನ್ನ ಪಾದ್ರಿತನ ಬಿಟ್ಟು ಇವರ ಜೊತೆ ಸೇರಿದ. ಹೆಸರು ಅವನಿಂದ ಬಂತು. ಬುದ್ಧಿ ಬಲಿತ ಮೇಲೆಯೇ ದೀಕ್ಷಾಸ್ನಾನ, ಕೈಯಲ್ಲಿ ಕತ್ತಿ ಹಿಡಿಯಬಾರದು, ಆಣೆ ಇಡಬಾರದು ಎಂಬುದು ಇವರ ಪಟ್ಟು. ಇಷ್ಟಕ್ಕೇ ಅವರನ್ನು ನೀರಿಗೆ ನೂಕಿದರು, ಬೆಂಕಿಗೆ ಹಾಕಿದರು. ಹಾಕಿದವರಲ್ಲಿ ಸೆಬಾಸ್ಟಿಯನ್ನರ ಪ್ರತಿಮೆಯ ಮುಂದೆ ಮೊಂಬತ್ತಿ ಹಚ್ಚುವವರೂ ಇದ್ದರು ಎಂಬುದನ್ನು ಇಲ್ಲೇ ಹೇಳಿಬಿಡುವುದು ನ್ಯಾಯ.

ಡಿರ್ಕ್ ವಿಲೆಮ್ಸ್ ಎಂಬವನ ಕಥೆಯನ್ನು ಆ ಪಂಥದ ಮಕ್ಕಳೆಲ್ಲ ಕೇಳಿ ಬೆಳೆಯುತ್ತಾರೆ. ಹಾಲೆಂಡಿನ ಆಸ್ಪೆರೆನ್ ಎಂಬ ಊರು, ವರ್ಷ 1569. ಸೆರೆಯಿಂದ ತಪ್ಪಿಸಿಕೊಂಡು ಓಡುತ್ತಿದ್ದ ಡಿರ್ಕ್ ಹೆಪ್ಪುಗಟ್ಟಿದ ನೀರಿನ ಮೇಲೆ ಹೇಗೋ ದಾಟಿದ. ಹಿಂದೆ ಅಟ್ಟಿಸಿಕೊಂಡು ಬಂದವನ ಕಾಲಡಿಯಲ್ಲಿ ಮಂಜುಗಡ್ಡೆ ಒಡೆದು ಅವನು ನೀರಿಗೆ ಬಿದ್ದ. ಡಿರ್ಕ್ ಹಿಂದೆ ಬಂದು ಅವನನ್ನು ಮೇಲಕ್ಕೆಳೆದ. ಬದುಕಿದವನಿಗೆ ಡಿರ್ಕ್‌ನನ್ನು ಬಿಟ್ಟುಬಿಡುವ ಮನಸ್ಸಾಯಿತಂತೆ. ಆಚೆ ದಡದಿಂದ ಊರಿನ ಅಧಿಕಾರಿ 'ನಿನ್ನ ಪ್ರಮಾಣ ನೆನಪಿಟ್ಟುಕೋ' ಎಂದು ಕೂಗಿದ; ಅವನು ಹಿಡಿದುಕೊಟ್ಟ. ಡಿರ್ಕ್‌ನನ್ನು ಸುಟ್ಟರು. ಆ ದಿನ ಜೋರು ಗಾಳಿ. ಬೆಂಕಿ ಮೈಯ ಮೇಲ್ಭಾಗಕ್ಕೆ ತಾಗದೆ ಆಚೆಗೆ ವಾಲುತ್ತಿತ್ತು, ಪ್ರಾಣ ಬೇಗ ಹೋಗಲಿಲ್ಲ. ಪಕ್ಕದ ಊರಿನವರೆಗೂ ಅವನ ಕೂಗು ಕೇಳಿತೆಂದು 1660ರಲ್ಲಿ ಅಚ್ಚಾದ ಅವರ ಹುತಾತ್ಮರ ಗ್ರಂಥ ದಾಖಲಿಸಿದೆ. ನಮ್ಮ ಅಂಗಳದ ಲೆಕ್ಕದಲ್ಲಿ ಇದು ಕೆಟ್ಟ ಸಾವು. ಆದರೆ ಡಿರ್ಕ್‌ನ ಗುಣ ಕಂಡದ್ದು ಬೆಂಕಿಯಲ್ಲೋ ನೀರಿನ ಅಂಚಿನಲ್ಲೋ? ನನ್ನ ಮಟ್ಟಿಗೆ ಅವನು ಹಿಂದೆ ತಿರುಗಿದ ಆ ಕ್ಷಣವೇ ಅವನ ಮರಣ. ಉಳಿದದ್ದು ಅಧಿಕಾರಿಗಳ ಕೆಲಸ.

ಮರಣದಲ್ಲಿ ನೋಡು ಎಂದಾಗ ಇನ್ನೊಂದು ಅಪಾಯವಿದೆ. ನೋಡಲು ಏನಿಡಬೇಕೆಂಬುದನ್ನು ಬದುಕಿರುವವರು ತೀರ್ಮಾನಿಸುತ್ತಾರೆ. ಮೆನ್ನೊನೈಟರ ದಾಯಾದಿ ಪಂಥ ಹಟ್ಟರೈಟರದು. ಆಸ್ತಿಯನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಬೇಸಾಯ ಮಾಡುವವರು. 1918ರಲ್ಲಿ ಅಮೆರಿಕದ ದಕ್ಷಿಣ ಡಕೋಟದಿಂದ ಹೋಫರ್ ಮನೆತನದ ಮೂವರು ಅಣ್ಣತಮ್ಮಂದಿರನ್ನೂ ಜೇಕಬ್ ವಿಫ್ ಎಂಬ ಇನ್ನೊಬ್ಬ ರೈತನನ್ನೂ ಸೈನ್ಯಕ್ಕೆ ಕರೆದರು. ಅವರು ಸಮವಸ್ತ್ರ ತೊಡಲು ಒಪ್ಪಲಿಲ್ಲ. ಇಪ್ಪತ್ತು ವರ್ಷದ ಶಿಕ್ಷೆ ಕೊಟ್ಟು ಆಲ್ಕಟ್ರಾಜ್ ದ್ವೀಪದ ನೆಲಮಾಳಿಗೆಗೆ ತಳ್ಳಿದರು. ಸಮವಸ್ತ್ರವನ್ನು ಪಕ್ಕದಲ್ಲಿಟ್ಟರು, ಬೇಕಾದರೆ ತೊಡಲಿ ಎಂದು. ಒಳಉಡುಪಿನಲ್ಲೇ ಒದ್ದೆ ಸಿಮೆಂಟಿನ ಮೇಲೆ ಮಲಗಿದರೇ ಹೊರತು ಅದನ್ನು ಮುಟ್ಟಲಿಲ್ಲ. ನವೆಂಬರ್ 11ಕ್ಕೆ ಯುದ್ಧ ಮುಗಿಯಿತು. ಅವರನ್ನು ಕನ್ಸಾಸ್‌ನ ಲೆವೆನ್‌ವರ್ತ್ ಸೆರೆಗೆ ಸಾಗಿಸಿದರು. ಅಲ್ಲಿ ಅಣ್ಣತಮ್ಮಂದಿರಲ್ಲಿ ಜೋಸೆಫ್ ನವೆಂಬರ್ 29ರಂದು, ಮೈಕೆಲ್ ಡಿಸೆಂಬರ್ 2ರಂದು ಸತ್ತರು. ಜೋಸೆಫ್‌ನ ಹೆಂಡತಿ ಮರಿಯಾ ಪೆಟ್ಟಿಗೆಯ ಮುಚ್ಚಳ ತೆರೆಸಿ ನೋಡಿದಾಗ ಗಂಡನ ಮೈಮೇಲೆ ಅದೇ ಸಮವಸ್ತ್ರವಿತ್ತು. ಬದುಕಿನುದ್ದಕ್ಕೂ ಬೇಡ ಎಂದದ್ದನ್ನು ಹೆಣಕ್ಕೆ ತೊಡಿಸಿದ್ದರು. ಗಾದೆಯನ್ನು ಅಕ್ಷರಕ್ಕಕ್ಷರ ನಂಬಿ ಆ ಪೆಟ್ಟಿಗೆಗೆ ಇಣುಕಿದವನಿಗೆ ಕಂಡೀತಾದರೂ ಏನು? ಒಬ್ಬ ಸಿಪಾಯಿ.

ನೋಡುವವರೇ ಇಲ್ಲದ ಸಾವೂ ಇದೆ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಎಷ್ಟು ಮಂದಿ ಎಂಬುದರ ಮೇಲೆ ಇಂದಿಗೂ ಜಗಳವಿದೆ, ಆ ಜಗಳ ಇಲ್ಲಿ ಬೇಡ. ಹೋದವರಲ್ಲಿ ಹೆಚ್ಚಿನವರು ಗದ್ದೆಯ ಜನ. ದಾರಿಯಲ್ಲಿ, ಘಟ್ಟದಲ್ಲಿ, ಸೆರೆಯಲ್ಲಿ ಹಲವರು ಸತ್ತರು. 1799ರ ಬಳಿಕ ಉಳಿದವರು ಮರಳಿ ಬಂದರು. ಘಟ್ಟದಲ್ಲಿ ಸತ್ತವರ ಗುಣವನ್ನು ಯಾರು ನೋಡಿದರು? ಬಂದವರು ಮತ್ತೆ ನೇಗಿಲು ಹಿಡಿದರು ಎಂಬುದಷ್ಟೇ ನಮಗೆ ಕಾಣುವುದು.

ಈಗ ಪೆರ್ಮನ್ನೂರಿನ ಆ ಹಿರಿಯರ ವಿಷಯ. ಊರಿನವರಿಗೆ ಅವರು ಬರೀ 'ಪೊರ್ಬು'ಗಳು. ಕ್ರೈಸ್ತ ಗಂಡಸರನ್ನು ತುಳುವಿನಲ್ಲಿ ಕರೆಯುವುದೇ ಹಾಗೆ, ಹೆಸರು ಬೇಕಾಗುವುದು ಪಂಚಾಯತಿನ ಕಾಗದಕ್ಕೆ ಮಾತ್ರ. ಅವರ ತಂದೆ ಗೇಣಿ ಒಕ್ಕಲು. ಧಣಿಗಳಿಗೆ ಅಕ್ಕಿಮುಡಿ ಹೊತ್ತು ಹಾಕಿ ಉಳಿದದ್ದರಲ್ಲಿ ಬದುಕಿದವರು. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಹೊಸ ಭೂಸುಧಾರಣೆ ಜಾರಿಗೆ ಬಂದಾಗ ಎಲ್ಲರಂತೆ 'ಡಿಕ್ಲರೇಷನ್' ಕೊಟ್ಟರು, ಭೂಮಿ ಅವರ ಹೆಸರಿಗೆ ಆಯಿತು. ಬೈಲಿನಲ್ಲಿ ಎರಡು ಕಂಡ, ಮೇಲೆ ಮಜಲಿನಲ್ಲಿ ಸ್ವಲ್ಪ, ತೆಂಗು, ಕಂಗು, ಮನೆಯ ಬದಿಗೆ ಬಸಳೆಯ ಚಪ್ಪರ. ಏಣಿಲು, ಸುಗ್ಗಿ ಎರಡೂ ಬೆಳೆ ತೆಗೆಯುತ್ತಿದ್ದರು. ಒಂದು ಕಾಲದಲ್ಲಿ ನೀರಿದ್ದ ಕಂಡದಲ್ಲಿ ಕೊಳಕೆಯೂ ಇತ್ತಂತೆ.

ಸಂತರೇನಲ್ಲ. ಗಡಿಯ ಬೇಲಿಗೆ ಪೂಜಾರಿಗಳ ಜೊತೆ ಒಂದು ಮಳೆಗಾಲವಿಡೀ ಮಾತು ಬಿಟ್ಟಿದ್ದರು. ಬೆಳಗ್ಗಿನ ಪೂಜೆಯಲ್ಲಿ ಪ್ರವಚನ ಉದ್ದವಾದರೆ ಎದ್ದು ಹೊರಗೆ ನಿಲ್ಲುವವರು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮಾತ್ರ ತಪ್ಪದೆ ತೆನೆ ಕೊಟ್ಟರು. ಕನ್ಯಾಮರಿಯಮ್ಮನ ಹುಟ್ಟುಹಬ್ಬಕ್ಕೆ ಚರ್ಚಿನಲ್ಲಿ ಹೊಸ ತೆನೆ ಆಶೀರ್ವದಿಸಿ ಮನೆಗೊಂದರಂತೆ ಹಂಚುತ್ತಾರೆ. ಮನೆಯಲ್ಲಿ ಅದರ ಕಾಳು ಸುಲಿದು, ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಸೇರಿಸಿ, ಊಟಕ್ಕೆ ಮೊದಲು ಎಲ್ಲರೂ ಒಂದೊಂದು ಗುಟುಕು ಕುಡಿಯುತ್ತಾರೆ. ಆ ದಿನ ಮೀನಿಲ್ಲ, ಮಾಂಸವಿಲ್ಲ. ಇದೇ ತಿಂಗಳ ಹಿಂದುಮುಂದು ತುಳುವರ ಮನೆಗಳಲ್ಲಿ ತೆನೆ ಕಟ್ಟುವ ಕುರಲ್ ಪರ್ಬ. ಇಗರ್ಜಿಗೆ ಹೋಗುವ ತೆನೆಯೂ ಪೂಜಾರಿಗಳ ಬಾಗಿಲಿಗೆ ಮಾವಿನೆಲೆಯ ಜೊತೆ ಕಟ್ಟುವ ತೆನೆಯೂ ಹಲವು ವರ್ಷ ಪೊರ್ಬುಗಳ ಒಂದೇ ಕಂಡದಿಂದ ಹೋಗುತ್ತಿತ್ತು. ಮಾತು ಬಿಟ್ಟ ಆ ವರ್ಷವೂ ಹೋಗಿದೆ. ಆದರೆ ಮಗನ ಕೈಯಲ್ಲಿ.

ಅವರ ನಿಜವಾದ ಕೆಲಸ ಇದ್ದದ್ದು ತೋಡಿನಲ್ಲಿ. ನೇತ್ರಾವತಿ ಕಡಲು ಸೇರುವ ಈ ಬದಿಯಲ್ಲಿ ಮಳೆ ನಿಂತು ಹೊಳೆಯ ನೀರು ತಗ್ಗಿದ ಮೇಲೆ ಭರತದ ಉಪ್ಪುನೀರು ತೋಡುಗಳ ಒಳಗೆ ಏರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ಇನ್ನೂ ಮೇಲೆ. ತೆಂಗು ಒಂದಿಷ್ಟು ತಡೆದೀತು, ಕಂಗು ತಡೆಯದು, ಭತ್ತವಂತೂ ಸುಟ್ಟಹಾಗೆ ಕೆಂಪಗಾಗುತ್ತದೆ. ಬಾವಿಯ ನೀರಿನ ಅನ್ನ ಬಾಯಿಗೆ ಸೇರುವುದಿಲ್ಲ. ಅದಕ್ಕೆ ತೋಡಿಗೆ ಕಟ್ಟ ಹಾಕಬೇಕು. ಇಲ್ಲಿ ಎರಡು ಕಲ್ಲುಕಂಬಗಳಿಗೆ ಕಚ್ಚು ಕೊರೆದಿದೆ. ಎರಡು ಸಾಲು ಹಲಗೆ ಇಳಿಸಿ, ನಡುವಿನ ಸಂದಿಗೆ ಜೇಡಿಮಣ್ಣು ತುಂಬಿ, ತುಳಿದು ಗಟ್ಟಿ ಮಾಡಬೇಕು. ಮಳೆಗೆ ಮೊದಲು ಹಲಗೆ ತೆಗೆಯದಿದ್ದರೆ ನೆರೆ ಎಲ್ಲರ ಗದ್ದೆಗೂ ನುಗ್ಗುತ್ತದೆ. ಯಾರೂ ನೇಮಿಸಿದ ಕೆಲಸವಲ್ಲ, ಕೂಲಿಯೂ ಇಲ್ಲ. ಯಾವ ಮಣ್ಣು, ಯಾವ ಭರತದ ಮರುದಿನ, ಎಷ್ಟು ಒದ್ದೆ ಎಂಬುದೆಲ್ಲ ಪೊರ್ಬುಗಳ ಕಾಲಿಗೆ ಗೊತ್ತಿತ್ತು. ಮೆನ್ನೊನೈಟರನ್ನು 16ನೇ ಶತಮಾನದಲ್ಲಿ ಪೋಲೆಂಡಿನ ವಿಸ್ಟುಲಾ ನದಿಯ ಮುಖಜಭೂಮಿಗೆ ಕರೆಸಿಕೊಂಡದ್ದೂ ಇದೇ ವಿದ್ಯೆಗಾಗಿ. ಒಡ್ಡು ಕಟ್ಟಿ, ನೀರು ಹೊರಗೆ ಹಾಕಿ, ಜವುಗನ್ನು ಗದ್ದೆ ಮಾಡಲು ಹಾಲೆಂಡಿನವರಿಗೆ ಬರುತ್ತಿತ್ತು. ಧರ್ಮದ್ರೋಹಿಗಳೆಂದು ಒಂದು ದೇಶದಲ್ಲಿ ಸುಡುತ್ತಿದ್ದ ಜನವನ್ನು ಇನ್ನೊಂದು ದೇಶದ ಜಮೀನುದಾರರು ಒಡ್ಡಿಗಾಗಿ ಸಹಿಸಿಕೊಂಡರು.

ಪೊರ್ಬುಗಳು ತೀರಿಕೊಂಡದ್ದು ಒಂದು ಆಷಾಢದ ರಾತ್ರಿ, ನಿದ್ದೆಯಲ್ಲಿ. ಮರುದಿನ ಮಳೆಯಲ್ಲೇ ಮೆರವಣಿಗೆ. ಗುಂಡಿಯ ಬದಿಯಲ್ಲಿ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಏಳನೇ ದಿನದ ಪೂಜೆಗೆ ಗಲ್ಫಿನಿಂದ ಮಗ ಬಂದಿದ್ದ. ಬ್ಯಾರಿಗಳು ಗಾದೆ ಹೇಳಿದ್ದು, ಪೂಜಾರಿಗಳು ತಲೆಯಾಡಿಸಿದ್ದು ಆ ಸುಖದ ನಿದ್ದೆಯನ್ನು ನೆನೆದು. ನಾನು ಅಲ್ಲಿ ಏನೂ ಹೇಳಲಿಲ್ಲ, ಸಾವಿನ ಮನೆಯಲ್ಲಿ ವ್ಯಾಖ್ಯಾನ ಯಾರಿಗೆ ಬೇಕು. ಆದರೆ ಗಾದೆಯ 'ಮರಣ' ಆ ರಾತ್ರಿಯದೆಂದು ನನಗೆ ಅನಿಸಲೇ ಇಲ್ಲ. ನಿದ್ದೆಯಲ್ಲಿ ಹೋಗಲು ಗುಣ ಬೇಕಿಲ್ಲ, ದುರ್ಬಲ ಹೃದಯ ಸಾಕು. ಮನುಷ್ಯ ಇಲ್ಲವಾದ ಮೇಲೆ ಊರಿನಲ್ಲಿ ಯಾವ ಕೆಲಸ ನಿಂತುಹೋಯಿತು, ಅದು ನಿಂತದ್ದು ಯಾರ ಯಾರ ಮನೆಗೆ ತಾಗಿತು ಎಂಬಲ್ಲಿ ನೋಡಬೇಕು. ಅದಕ್ಕೆ ಅಂಗಳದ ಕುರ್ಚಿ ಸಾಲದು, ಆರು ತಿಂಗಳು ಕಾಯಬೇಕಾಗುತ್ತದೆ.

ಡಿಸೆಂಬರ್ ಬಂತು. ಹಲಗೆಗಳು ಪೊರ್ಬುಗಳ ಹಟ್ಟಿಯ ಅಟ್ಟದಲ್ಲೇ ಉಳಿದವು. ಕಟ್ಟ ಯಾರಾದರೂ ಹಾಕುತ್ತಾರೆ ಎಂದು ಎಲ್ಲರೂ ಕಾದರು. ಜನವರಿಯ ಹುಣ್ಣಿಮೆ ಕಳೆದು ವಾರದೊಳಗೆ ಬ್ಯಾರಿಗಳ ಬಾವಿ ಉಪ್ಪಾಯಿತು. ಚಹಾ ಒಡೆಯಿತು. ಪೂಜಾರಿಗಳ ಕಂಗಿನ ಗಿಡಗಳ ಗರಿಯ ತುದಿ ಒಣಗತೊಡಗಿತು. ಅಷ್ಟು ವರ್ಷ ಆ ಬಾವಿ ಸಿಹಿಯಾಗಿದ್ದದ್ದು ಬಾವಿಯ ಗುಣವೆಂದು ಅವರು ತಿಳಿದಿದ್ದರು. ಅದು ಪೊರ್ಬುಗಳ ಗುಣವಾಗಿತ್ತು.

ಮರುವರ್ಷ ಇಬ್ಬರೂ ಸೇರಿ, ಹಟ್ಟಿಯಿಂದ ಹಲಗೆ ಇಳಿಸಿ ಕಟ್ಟ ಹಾಕಿದರು. ಕೂಲಿಗೆ ಇಬ್ಬರು ಹುಡುಗರು, ಜೊತೆಗೆ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿದ ಮರಳು. ಮೊದಲ ಭರತಕ್ಕೇ ಬುಡದಲ್ಲಿ ನೀರು ಜಿನುಗಿತು.

"ಮರಳು ಹಾಕಿದ್ದೇ ತಪ್ಪು ಪೂಜಾರ್ರೇ. ಪೊರ್ಬುಗಳು ಮೇಲಿನ ಗುಡ್ಡೆಯ ಕೆಂಪು ಮಣ್ಣು ತರುತ್ತಿದ್ದರು."

"ಕೆಂಪು ಮಣ್ಣು ಎಲ್ಲಿ ಬ್ಯಾರಿಗಳೇ? ಕಂಡದ ಅಡಿಯ ಕಪ್ಪು ಜೇಡಿ. ನಾನೇ ಬುಟ್ಟಿ ಹೊತ್ತಿದ್ದೇನೆ."

"ನೀವು ಹೊತ್ತದ್ದು ಮಾತು ಬಿಡುವ ಮೊದಲು. ಆಮೇಲೆ ಮಣ್ಣು ಬದಲಾಯಿಸಿದ್ದಾರೆ ಅವರು."

ಪೂಜಾರಿಗಳು ಸೊಂಟದವರೆಗಿನ ನೀರಿನಲ್ಲಿ ನಿಂತು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಹುಡುಗರಲ್ಲಿ ಒಬ್ಬನನ್ನು ಗುಡ್ಡೆಗೂ ಇನ್ನೊಬ್ಬನನ್ನು ಕಂಡಕ್ಕೂ ಕಳಿಸಿದರು, ಎರಡೂ ಮಣ್ಣು ತರಲಿ ಎಂದು.