ಬಾಡಿಗೆ ಮನೆಗಾಗಿ ಸುಳ್ಳು ಹೇಳಬಹುದೇ?



ಹೊಸೂರಿನಿಂದ ಬೆಂಗಳೂರಿಗೆ ಸುಮಾರು 40 ಕಿಲೋಮೀಟರ್. 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದವರೆಗೆ ಮೆಟ್ರೋ ಬಂದ ಮೇಲೆ ಆ ದೂರ ಇನ್ನಷ್ಟು ಕಡಿಮೆಯಾದಂತೆ ಕಾಣುತ್ತದೆ. ಆದರೂ ರಾತ್ರಿ ಪಾಳಿಯವರಿಗೆ, ಆಸ್ಪತ್ರೆ ಡ್ಯೂಟಿಯವರಿಗೆ ದಿನವೂ ಗಡಿ ದಾಟಿ ಹೋಗಿಬರುವುದು ಆಗದ ಮಾತು. ಆದ್ದರಿಂದ ನಮ್ಮ ಧರ್ಮಕೇಂದ್ರದ ಯುವಕ ಯುವತಿಯರು ಚಂದಾಪುರ, ಎಲೆಕ್ಟ್ರಾನಿಕ್ ಸಿಟಿ, ಸರ್ಜಾಪುರದ ಕಡೆ ಬಾಡಿಗೆ ಮನೆ ಹುಡುಕುತ್ತಾರೆ. ಅಲ್ಲಿ ಹೊಸ ಅಪಾರ್ಟ್‌ಮೆಂಟ್‌ಗಳಿಗೆ ಕೊರತೆಯಿಲ್ಲ. ಕೈಗೆಟಕುವ ಬಾಡಿಗೆಗೆ ಸಿಗುವುದೇ ಕಷ್ಟ. ಸಿಕ್ಕರೂ ನಮಗೆ ಕೊಡುತ್ತಾರೆಯೇ ಎಂಬುದು ಇನ್ನೊಂದು ಕಷ್ಟ.

ಒಂದು ಲೆಕ್ಕ ನೋಡೋಣ. ಎರಡು ಕೋಣೆಯ ಹೊಸ ಮನೆಗೆ ತಿಂಗಳಿಗೆ 18,000 ರೂಪಾಯಿ ಎಂದಿಟ್ಟುಕೊಳ್ಳೋಣ. ಬೆಂಗಳೂರಿನ ಹಳೆಯ ವಾಡಿಕೆಯಂತೆ ಹತ್ತು ತಿಂಗಳ ಅಡ್ವಾನ್ಸ್ ಕೇಳಿದರೆ 1,80,000. ಬ್ರೋಕರ್‌ಗೆ ಒಂದು ತಿಂಗಳದ್ದು, ಮೊದಲ ತಿಂಗಳ ಬಾಡಿಗೆ ಬೇರೆ. ಬೀಗದ ಕೈ ಸಿಗುವ ಮೊದಲೇ 2,16,000 ರೂಪಾಯಿ ಬೇಕು. 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದು ಎನ್ನುತ್ತದೆ. ಆದರೆ ಅದು ರಾಜ್ಯಗಳು ಒಪ್ಪಿದರೆ ಮಾತ್ರ ನಡೆಯುವ ಮಾತು. ಮೇಂಟೆನೆನ್ಸ್ ಪ್ರತ್ಯೇಕ. ಕಾವೇರಿ ನೀರು ಬಾರದ ಕಟ್ಟಡವಾದರೆ ಬೇಸಿಗೆಯ ಟ್ಯಾಂಕರ್ ಖರ್ಚೂ ಅದರಲ್ಲೇ ಸೇರುತ್ತದೆ. 22,000 ಸಂಬಳದ ಹುಡುಗ ಒಬ್ಬನೇ ಇದನ್ನು ಹೊರಲಾರ. ನಾಲ್ವರು ಸೇರುತ್ತಾರೆ.

ಆಮೇಲೆ ಪ್ರಶ್ನೆಗಳು ಶುರು. ಎಷ್ಟು ಜನ? ಮದುವೆ ಆಗಿದೆಯಾ? ಮಾಂಸ ತಿನ್ನುತ್ತೀರಾ? ಯಾವ ಜನ? 'ನಮಗೇನೂ ಇಲ್ಲಪ್ಪ, ಅಸೋಸಿಯೇಷನ್‌ನವರು ಒಪ್ಪಲ್ಲ' ಎಂಬ ಮಾತು ಕೊನೆಗೆ. ಉತ್ತರ ಹೇಗಿರಬೇಕೆಂದು ಬ್ರೋಕರ್ ಮೊದಲೇ ಹೇಳಿಕೊಡುವುದೂ ಉಂಟು: ಇಬ್ಬರೇ ಅನ್ನಿ, ಸಸ್ಯಾಹಾರಿ ಅನ್ನಿ, ಹೆಸರು ಕೇಳಿದರೆ ಮನೆಯಲ್ಲಿ ಕರೆಯುವ ಹೆಸರು ಹೇಳಿ. ನಮ್ಮ ಯುವಜನರ ಕೂಟದಲ್ಲಿ ಎದ್ದ ಪ್ರಶ್ನೆ ಇದು: ಅನ್ಯಾಯದ ಪ್ರಶ್ನೆಗೆ ಸುಳ್ಳು ಉತ್ತರ ಕೊಟ್ಟರೆ ಪಾಪವೇ?

ಕಾನೂನು ಇಲ್ಲಿ ಹೆಚ್ಚು ನೆರವಾಗುವುದಿಲ್ಲ. ಸಂವಿಧಾನದ 15ನೇ ವಿಧಿ ಸರ್ಕಾರವನ್ನು ತಡೆಯುತ್ತದೆ. ಅಂಗಡಿ, ಹೋಟೆಲು, ಬಾವಿಗಳಲ್ಲಿ ಭೇದ ಮಾಡುವುದನ್ನು ತಡೆಯುತ್ತದೆ. ಖಾಸಗಿ ಮನೆಯ ಬಾಗಿಲಿನ ಬಗ್ಗೆ ಅದರಲ್ಲಿ ಮಾತಿಲ್ಲ. ಪಾರ್ಸಿಗಳ ಗೃಹ ಸಹಕಾರ ಸಂಘವೊಂದು ತನ್ನವರಿಗೆ ಮಾತ್ರ ಸದಸ್ಯತ್ವ ಕೊಡಬಹುದೆಂದು 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ವಿಷಯ ಮನಸ್ಸಾಕ್ಷಿಗೇ ಬರುತ್ತದೆ.

ಧರ್ಮಸಭೆಯ ಬೋಧನೆಯಲ್ಲಿ ಎರಡು ಮಾತುಗಳಿವೆ. ಸುಳ್ಳು ಸ್ವಭಾವತಃ ಕೆಟ್ಟದ್ದು ಎಂಬುದು ಒಂದು. ಸತ್ಯವನ್ನು ತಿಳಿಯುವ ಹಕ್ಕಿಲ್ಲದವನಿಗೆ ಅದನ್ನು ಬಿಚ್ಚಿಡುವ ಬಾಧ್ಯತೆ ಯಾರಿಗೂ ಇಲ್ಲ ಎಂಬುದು ಇನ್ನೊಂದು. ಇದು ಧರ್ಮೋಪದೇಶ ಗ್ರಂಥದ 2489ನೇ ಪರಿಚ್ಛೇದದಲ್ಲಿದೆ. ಅಂದರೆ ಬಾಯಿ ಮುಚ್ಚಿಕೊಳ್ಳುವುದು ಬೇರೆ, ಸುಳ್ಳಾಡುವುದು ಬೇರೆ.

ಸಂತ ಅಗಸ್ಟೀನರು ಸುಳ್ಳಿನ ಬಗ್ಗೆ ಬರೆದ ಗ್ರಂಥದಲ್ಲಿ ತಮ್ಮ ಹುಟ್ಟೂರಾದ ತಗಾಸ್ತೆಯ ಧರ್ಮಾಧ್ಯಕ್ಷ ಫಿರ್ಮುಸ್ ಅವರ ಕಥೆ ಹೇಳುತ್ತಾರೆ. ಆಶ್ರಯ ಕೇಳಿ ಬಂದವನನ್ನು ಅವರು ಬಚ್ಚಿಟ್ಟಿದ್ದರು. ಚಕ್ರವರ್ತಿಯ ಕಡೆಯವರು ಬಂದು ಕೇಳಿದಾಗ, ತಾನು ಸುಳ್ಳನ್ನೂ ಹೇಳಲಾರೆ, ಅವನನ್ನೂ ಒಪ್ಪಿಸಲಾರೆ ಎಂದರು. ಚಿತ್ರಹಿಂಸೆಗೂ ಬಗ್ಗಲಿಲ್ಲ. ಕೊನೆಗೆ ಚಕ್ರವರ್ತಿಯೇ ಅವರ ಧೈರ್ಯಕ್ಕೆ ಮೆಚ್ಚಿ ಆ ಮನುಷ್ಯನನ್ನು ಕ್ಷಮಿಸಿದನಂತೆ.

'ಹಾಗಾದರೆ ರಾಹಾಬಳು ಸುಳ್ಳು ಹೇಳಿ ಗೂಢಚಾರರನ್ನು ಉಳಿಸಲಿಲ್ಲವೇ?' ಎಂದು ಕೂಟದಲ್ಲಿ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಅಗಸ್ಟೀನರ ಉತ್ತರ, ಅವಳಿಗೆ ಹೊಗಳಿಕೆ ಸಂದದ್ದು ಸುಳ್ಳಿಗಲ್ಲ, ದಯೆಗೆ. ಅದೂ ಅವಳು ಉಳಿಸಿದ್ದು ಇನ್ನೊಬ್ಬರ ಜೀವವನ್ನು. ನಾವು ಉಳಿಸಲು ಹೊರಟಿರುವುದು ಹಲವು ಸಲ ಎರಡು ಸಾವಿರ ಬಾಡಿಗೆ, ಅರ್ಧ ಗಂಟೆಯ ಬಸ್ ಪ್ರಯಾಣ. ಹಾಗೆಂದು ರಾತ್ರಿ ಹನ್ನೊಂದಕ್ಕೆ ಡ್ಯೂಟಿ ಮುಗಿಸುವ ಹುಡುಗಿಗೆ ಸುರಕ್ಷಿತ ಮನೆ ಸಣ್ಣ ವಿಷಯವಲ್ಲ. ಅವಳ ಕಷ್ಟವನ್ನು ಹಗುರವಾಗಿ ಎಣಿಸುವವರು ಅವಳಿಗೆ ಉಪದೇಶ ಮಾಡುವ ಯೋಗ್ಯತೆ ಕಳೆದುಕೊಳ್ಳುತ್ತಾರೆ.

ಹೀಗೆ ವಿಂಗಡಿಸಿಕೊಂಡರೆ ದಾರಿ ಕಾಣುತ್ತದೆ. ಎಷ್ಟು ಜನ ಇರುತ್ತಾರೆ, ಎಲ್ಲಿ ಕೆಲಸ, ಬಾಡಿಗೆ ಕೊಡುವ ಶಕ್ತಿ ಇದೆಯೇ ಎಂದು ತಿಳಿಯುವ ಹಕ್ಕು ಮಾಲೀಕರಿಗಿದೆ. ನೀರು, ಲಿಫ್ಟ್, ಪೊಲೀಸ್ ಪರಿಶೀಲನೆ ಎಲ್ಲಕ್ಕೂ ಅದು ಬೇಕು. ಅಲ್ಲಿ ನಾಲ್ವರನ್ನು ಇಬ್ಬರೆನ್ನುವುದು ಮೋಸ. ಮಾಂಸ ಬೇಯಿಸಬಾರದೆಂಬುದು ಅವರ ಷರತ್ತಾದರೆ ಒಪ್ಪಿ ನಡೆಯಬೇಕು, ಇಲ್ಲವೇ ಬೇರೆ ಮನೆ ನೋಡಬೇಕು, ಒಪ್ಪಿ ಮುರಿಯಬಾರದು. ಆದರೆ ಯಾರನ್ನು ಆರಾಧಿಸುತ್ತೀರಿ, ಯಾವ ಜಾತಿಯಿಂದ ಬಂದವರು ಎಂಬುದು ಬಾಡಿಗೆಗೆ ಸಂಬಂಧಿಸಿದ ವಿಷಯವಲ್ಲ. 'ಅದು ಬೇಡ ಸಾರ್, ನಮ್ಮ ಕೆಲಸದ ವಿವರ ಕೇಳಿ' ಎಂದು ವಿನಯದಿಂದ ಹೇಳಬಹುದು. ಹೆಸರನ್ನು ಮಾತ್ರ ಬದಲಿಸುವುದು ಬೇಡ. ಜ್ಞಾನಸ್ನಾನದಲ್ಲಿ ಪಡೆದ ಹೆಸರನ್ನು ಅಡವಿಟ್ಟು ಪಡೆದ ಮನೆಯಲ್ಲಿ ಶಿಲುಬೆಯನ್ನು ಬೀರುವಿನೊಳಗೆ ಇಡಬೇಕಾಗುತ್ತದೆ. ಅಕ್ಕಪಕ್ಕದವರು ಬಾಗಿಲು ತಟ್ಟಿದಾಗಲೆಲ್ಲ ಎದೆ ಹಾರುತ್ತದೆ. ವಿಜ್ಞಾನ ಓದಿದವರಿಗೆ ಗೊತ್ತು, ಮೊದಲ ರೀಡಿಂಗ್ ಸುಳ್ಳಾದರೆ ಮುಂದಿನ ಎಲ್ಲ ಲೆಕ್ಕವನ್ನೂ ಅದಕ್ಕೆ ಹೊಂದಿಸುತ್ತಲೇ ಇರಬೇಕು. ಇಂಥ ಮನೆಯಲ್ಲೂ ಅದೇ ಗತಿ.

ಇದರ ಬೆಲೆ ದೊಡ್ಡದು, ನಿಜ. ಸತ್ಯ ಹೇಳಿದವರಿಗೆ ಮನೆ ಸಿಗದೆ ಹೋಗಬಹುದು. ಆ ಬೆಲೆಯನ್ನು ಅವರೊಬ್ಬರೇ ತೆರುವಂತೆ ಬಿಡುವುದು ನಮಗೆ ತಕ್ಕದ್ದಲ್ಲ. ಬೆಂಗಳೂರಿನಲ್ಲಿ ಈಗಾಗಲೇ ಇರುವವರು ಖಾಲಿಯಾಗುವ ಮನೆಯ ಸುದ್ದಿಯನ್ನು ಮೊದಲು ನಮ್ಮವರಿಗೆ ತಿಳಿಸಬಹುದು. ಅಡ್ವಾನ್ಸ್‌ಗೆ ಹಣ ಸಾಲದವರಿಗೆ ಅನ್ಬಿಯ ಕುಟುಂಬಗಳು ಬಡ್ಡಿಯಿಲ್ಲದ ಕೈಸಾಲ ಕೊಡಬಹುದು. ಮನೆ ಬಿಡುವಾಗ ಅದು ಮರಳಿ ಬರುವ ಹಣವೇ.

ಇನ್ನೊಂದು ಮಾತು, ಮನೆಯುಳ್ಳವರಿಗೆ. ಸಿಪ್ಕಾಟ್ ಕಾರ್ಖಾನೆಗಳಿಗೆ ಒಡಿಶಾ, ಬಿಹಾರ, ಜಾರ್ಖಂಡ್‌ನಿಂದ ಬಂದ ಹುಡುಗರು ಹೊಸೂರಿನ ಬೀದಿಗಳಲ್ಲಿ ಮನೆ ಹುಡುಕುತ್ತಾರೆ. ತಮಿಳು ಬಾರದು, ಕನ್ನಡ ಬಾರದು, ತೆಲುಗೂ ಬಾರದು. ನಮ್ಮ ಮಹಡಿಯ ಮೇಲಿನ ಕೋಣೆಗೆ ಅವರು ಬಂದಾಗ ನಾವು ಕೇಳುವ ಪ್ರಶ್ನೆ ಯಾವುದು? ಅಲ್ಲಿ ನಮ್ಮ ಮಕ್ಕಳಿಗೆ ಸಿಗಲಿ ಎಂದು ಜಪಸರ ಹಿಡಿದು ಬೇಡುವ ಬಾಗಿಲನ್ನು ಇಲ್ಲಿ ತೆರೆಯುವ ಕೈ ನಮ್ಮದೇ. ಎಷ್ಟು ಜನ, ಎಲ್ಲಿ ಕೆಲಸ ಎಂದು ಕೇಳೋಣ. ಉಳಿದದ್ದನ್ನು ಕೇಳದಿದ್ದರೆ ಅವರು ಸುಳ್ಳು ಹೇಳಬೇಕಾದ ಪ್ರಸಂಗವೇ ಬರುವುದಿಲ್ಲ.