ಸಂಘದ ಹಣ ಯಾರದು?

ಸಂಘವೊಂದು ಹುಟ್ಟುವಾಗ ಅದರ ಪೆಟ್ಟಿಗೆಯಲ್ಲಿ ಹಣವಿರುವುದಿಲ್ಲ, ಸದಸ್ಯರಲ್ಲಿ ಉತ್ಸಾಹವಿರುತ್ತದೆ. ಕಾಲಕ್ರಮದಲ್ಲಿ ಹಣ ಕೂಡುತ್ತದೆ, ಉತ್ಸಾಹ ಕರಗುತ್ತದೆ. ಈ ವರ್ಷದ ಮಹಾಸಭೆಯ ಮುಂದೆ ಒಂದು ಸೂಚನೆ ಬಂದಿದೆ: ಠೇವಣಿಯ ಬಡ್ಡಿಯೇ ಖರ್ಚಿಗೆ ಸಾಲುವಾಗ ವಂತಿಗೆಯನ್ನೇಕೆ ಎತ್ತಬೇಕು? ಮೇಲುನೋಟಕ್ಕೆ ಇದು ನ್ಯಾಯವೆಂದೇ ತೋರುತ್ತದೆ. ಆದರೆ ವಿಚಾರಿಸಬೇಕಾದ ಮಾತು ಇದರಲ್ಲಿ ಅಡಗಿದೆ.

1894ರಲ್ಲಿ ಗಾಂಧೀಜಿಯವರ ನೇತೃತ್ವದಲ್ಲಿ ನೇಟಾಲ್ ಇಂಡಿಯನ್ ಕಾಂಗ್ರೆಸ್ ಸ್ಥಾಪನೆಯಾಯಿತು. ತಿಂಗಳಿಗೆ ಕನಿಷ್ಠ 5 ಷಿಲ್ಲಿಂಗ್ ವಂತಿಗೆ ಗೊತ್ತಾಯಿತು. ಮೊದಲ ಹುರುಪು ಇಳಿದೊಡನೆ ವಸೂಲಿ ಕಠಿಣವಾಯಿತು. ಕಾರ್ಯದರ್ಶಿಯಾಗಿದ್ದ ಗಾಂಧೀಜಿಯವರು ತಮ್ಮ ಗುಮಾಸ್ತನನ್ನು ದಿನವಿಡೀ ಅದಕ್ಕೇ ಬಿಡಬೇಕಾಯಿತು. ಕೊನೆಗೆ ವರ್ಷಕ್ಕೆ ಕನಿಷ್ಠ 3 ಪೌಂಡು ಎಂದು ಸಭೆ ನಿಶ್ಚಯಿಸಿತು. ಕೊಟ್ಟವರು ಕೇಳದಿದ್ದರೂ ರಸೀದಿ ಕೊಡುವ ಕ್ರಮವಿತ್ತು. ಮುಂದೆ ನಿಧಿ ಬೆಳೆದು, ಆಸ್ತಿಯಾಗಿ, ಬಾಡಿಗೆ ಬರತೊಡಗಿತು. ಅವರು ಆ ದೇಶ ಬಿಟ್ಟ ಮೇಲೆ ಒಳಜಗಳ ಹುಟ್ಟಿ, ಬಾಡಿಗೆಯ ಹಣ ನ್ಯಾಯಾಲಯದಲ್ಲಿ ಕೂಡುತ್ತ ಹೋಯಿತೆಂದು ಆತ್ಮಕಥೆಯಲ್ಲಿ ಅವರೇ ಹೇಳಿದ್ದಾರೆ. ಸಾರ್ವಜನಿಕ ಸಂಸ್ಥೆ ಶಾಶ್ವತ ನಿಧಿಯನ್ನು ನೆಚ್ಚದೆ, ವರ್ಷವರ್ಷವೂ ಜನರು ಕೊಡುವ ವಂತಿಗೆಯಿಂದ ಬಾಳಬೇಕೆಂಬುದು ಅವರ ತೀರ್ಮಾನ.

ಗಡಿನಾಡಿನ ಚಿಕ್ಕ ಸಂಘಕ್ಕೆ ಈ ವ್ರತ ಕಠಿಣವೆಂಬುದನ್ನು ನಾವು ಬಲ್ಲೆವು. ಕಾರ್ಯದರ್ಶಿಯಾದ ಶಿಕ್ಷಕರಿಗೆ ವರ್ಗವಾದ ವರ್ಷ ವಂತಿಗೆ ನಿಂತಿತು. ಕೂಡಿಟ್ಟ ಹಣವಿದ್ದುದರಿಂದಲೇ ಮಕ್ಕಳ ಬಹುಮಾನದ ಪುಸ್ತಕಗಳು ತಪ್ಪಲಿಲ್ಲ. ಆದುದರಿಂದ ಆಪತ್ತಿಗೆ ಒಂದಿಷ್ಟು ಇರಬೇಕು.

ಆದರೆ ಆ ಬಲದಿಂದಲೇ ನಾವು ಎರಡು ವರ್ಷ ಮನೆಮನೆಗೆ ಹೋಗುವುದನ್ನು ಬಿಟ್ಟೆವು. ಮತ್ತೆ ಹೋದಾಗ ಹಿರಿಯರೊಬ್ಬರು, "ನಿಮಗೆ ಹಣ ಬೇಡವಾದ ಮೇಲೆ ನಾವೂ ಬೇಡವಾದೆವೇನೋ ಎಂದುಕೊಂಡೆವು, ಮಾಸ್ತರೇ" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಉಳಿಸಿದ್ದು ಶ್ರಮವನ್ನು, ಕಳೆದುಕೊಂಡದ್ದು ಜನರನ್ನು.

1860ರ ಸಂಘಗಳ ನೋಂದಣಿ ಕಾಯಿದೆಯಂತೆ, ಸಂಘ ಮುಚ್ಚಿದಾಗ ಸಾಲ ತೀರಿ ಉಳಿದ ಸ್ವತ್ತನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಅದು ಬೇರೊಂದು ಸಂಘಕ್ಕೆ ಸಲ್ಲಬೇಕು. ಎಂದರೆ ನಾವು ಒಡೆಯರಲ್ಲ, ಕಾವಲುಗಾರರು. ಕೊಟ್ಟ ಹಿರಿಯರು ಕನ್ನಡ ಓದುವ ಮಕ್ಕಳಿಗಾಗಿ ಕೊಟ್ಟರು, ಬಡ್ಡಿ ಬೆಳೆಯಲೆಂದಲ್ಲ. ಅದನ್ನು ಪೋಲು ಮಾಡುವುದು ಹೇಗೆ ತಪ್ಪೋ, ಬಳಸದೆ ಹೂತಿಡುವುದೂ ಹಾಗೆಯೇ ತಪ್ಪು.

ಒಂದು ವರ್ಷದ ಖರ್ಚಿಗಾಗುವಷ್ಟು ಹಣವನ್ನು ಕಾದಿರಿಸಿ, ಉಳಿದುದನ್ನು ಮಕ್ಕಳ ಓದಿಗೆ ವಿನಿಯೋಗಿಸೋಣ. ವಂತಿಗೆ ಒಂದೇ ರೂಪಾಯಿಯಾದರೂ ಸರಿ, ಬಾಗಿಲಿಗೆ ಹೋಗಿ ಬೇಡೋಣ, ರಸೀದಿ ಕೊಡೋಣ. ಆ ರೂಪಾಯಿ ಕೊಡುವವರಿಗೆ ನಮ್ಮ ಲೆಕ್ಕ ಕೇಳುವ ಹಕ್ಕು ಬರುತ್ತದೆ. ಕೇಳುವವರಿರುವವರೆಗೆ ಸಂಘ ಬದುಕಿರುತ್ತದೆ.