ದೇವರಿಗೆ ಯಾರ ಹೂವು?

ಸಿಂಗಪುರದ ಬೊಟಾನಿಕ್ ಗಾರ್ಡನ್ಸ್ ನಮ್ಮ ಸದಸ್ಯರಿಗೆ ಹೊಸದಲ್ಲ. 1859ರಲ್ಲಿ ಆರಂಭವಾಗಿ, 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ತೋಟಕ್ಕೆ ಪ್ರವೇಶ ಉಚಿತ. ಒಳಗಿನ ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್. ಬೆಳಗಿನ ಜಾವ ತೈ ಚಿ ಮಾಡುವ ಹಿರಿಯರು, ಸಿಂಫನಿ ಕೊಳದ ದಂಡೆಯಲ್ಲಿ ಚಾಪೆ ಹಾಸಿ ಸಂಗೀತ ಕೇಳುವ ಸಂಸಾರಗಳು, ಚಿತ್ರಾನ್ನದ ಬುತ್ತಿ ಬಿಚ್ಚುವ ನಾವು, ಎಲ್ಲರಿಗೂ ಇಲ್ಲಿ ಜಾಗವಿದೆ. ಐದು ಡಾಲರ್ ನೋಟಿನ ಮೇಲಿರುವ ಟೆಂಬುಸು ಮರವೂ ಇಲ್ಲಿಯದೇ. ಅದು ಹೂ ಬಿಟ್ಟ ದಿನಗಳಲ್ಲಿ ಸಂಜೆಯ ಗಾಳಿಯೇ ಘಮಘಮ.

ಹೂವು ಕಂಡರೆ ನಮ್ಮ ಕೈ ಸುಮ್ಮನಿರುವುದಿಲ್ಲ. "ಪೂಜೆಗೆ ಕಿತ್ತರೆ ಕಳ್ಳತನವಲ್ಲ" ಎಂಬ ಮಾತು ಊರಿನಿಂದಲೇ ನಮ್ಮ ಜೊತೆ ಬಂದಿದೆ. ಇಲ್ಲಿಯ ಕಾನೂನು ಅದನ್ನು ಒಪ್ಪುವುದಿಲ್ಲ. ಉದುರಿದ ಹಣ್ಣನ್ನೂ ಅನುಮತಿಯಿಲ್ಲದೆ ಒಯ್ಯುವಂತಿಲ್ಲ. ದಂಡದ ಮಾತು ಬಿಡೋಣ. ಯಾರೂ ನೋಡದಿದ್ದರೆ ಕೀಳಬಹುದೇ?

ಅರ್ಪಿಸುವುದೆಂದರೆ ನಮ್ಮಲ್ಲಿದ್ದುದನ್ನು ಕೊಡುವುದು. ಎಲ್ಲರದನ್ನು ಎತ್ತಿ ದೇವರಿಗಿಟ್ಟರೆ ನಾವು ಕೊಟ್ಟದ್ದೇನು? "ಎಲ್ಲರದು ಎಂದಮೇಲೆ ನಮ್ಮದೂ ಅಲ್ಲವೇ?" ಎಂದು ಕೇಳಬಹುದು. ಹೌದು, ನಮ್ಮದೂ ಹೌದು, ನೋಡುವುದಕ್ಕೆ, ಮೂಸುವುದಕ್ಕೆ. ಕಿತ್ತ ಹೂವು ಮಾತ್ರ ಒಂದೇ ಮನೆಯದು. ಲಾಲ್‌ಬಾಗಿನಲ್ಲಿ ಜನವರಿ, ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನದ ನೂಕುನುಗ್ಗಲಿನಲ್ಲೂ ಕೊನೆಯ ದಿನ ಬಂದವರಿಗೆ ಹೂವು ಉಳಿದಿರುವುದು, ಮೊದಲು ಬಂದವರು ಕೈ ಬಿಗಿಹಿಡಿದದ್ದರಿಂದ.

ನಮ್ಮ ಮಕ್ಕಳು ಮಂತ್ರಕ್ಕಿಂತ ಮೊದಲು ನಮ್ಮ ಕೈಯನ್ನು ನೋಡಿ ಕಲಿಯುತ್ತಾರೆ. ಬರುವ ಹಬ್ಬಕ್ಕೆ ಲಿಟಲ್ ಇಂಡಿಯಾದಿಂದ ಒಂದು ಮೊಳ ಮಲ್ಲಿಗೆ ಕೊಂಡು ತರೋಣ. ಇಲ್ಲವೇ ಬಾಲ್ಕನಿಯ ಕುಂಡದಲ್ಲಿ ಒಂದು ದಾಸವಾಳ ಬೆಳೆಸೋಣ. ಏನಂತೀರಿ?